ಹದಿನೆಂಟು ಮನೆಯವರು ಬಂದರು, ಏಳು ಉಳಿದರು

ಪ್ರಶ್ನೆ: ಉಡುಪಿ ಹತ್ತಿರ ಒಟ್ಟಿಗೆ ಜಾಗ ತೆಗೆದು, ಕುಟುಂಬಕ್ಕೊಂದು ಮನೆ, ಎಲ್ಲರಿಗೂ ಸೇರಿ ಒಂದು ಅಡುಗೆಮನೆ, ಚಾವಡಿ ಕಟ್ಟಬೇಕೆಂದಿದ್ದೇವೆ. ಮೊದಲ ಸಭೆಗೆ ಹದಿನೆಂಟು ಮನೆಯವರು ಬಂದಿದ್ದರು, ಈಗ ಏಳು. ಜನರನ್ನು ಸೇರಿಸುವುದು, ಉಳಿಸಿಕೊಳ್ಳುವುದು ಹೇಗೆ?

ಉತ್ತರ: ಏಳು ಮನೆಯವರು ಇದ್ದಾರಲ್ಲ, ಧೈರ್ಯ ಬಿಡಬೇಡಿ. ನೀವು ಹೇಳುವಂಥ ವಸತಿಗೆ ಕೋಹೌಸಿಂಗ್ ಎನ್ನುತ್ತಾರೆ. ಅದು ಹುಟ್ಟಿದ ಡೆನ್ಮಾರ್ಕಿನಲ್ಲೇ ಮೊದಲ ಗುಂಪು ಚದುರಿಹೋಗಿತ್ತು. ವಾಸ್ತುಶಿಲ್ಪಿ ಯಾನ್ ಗುಡ್ಮಂಡ್-ಹೋಯರ್ 1964ರಲ್ಲಿ ಗೆಳೆಯರನ್ನು ಸೇರಿಸಿ ಹೊರಟರು. ಜಾಗವೂ ಸಿಕ್ಕಿತ್ತು, ಅಕ್ಕಪಕ್ಕದವರ ವಿರೋಧದಿಂದ ಬಿಡಬೇಕಾಯಿತು. 1968ರಲ್ಲಿ ಅವರು ಪತ್ರಿಕೆಗೆ ಬರೆದ ಮೇಲೆ ಹೊಸ ಕುಟುಂಬಗಳು ಮುಂದೆ ಬಂದವು. 27 ಕುಟುಂಬಗಳ ಸೆಟ್ಟೆಡಾಮೆನ್ ಎಂಬ ವಸತಿ ತಲೆಯೆತ್ತಿದ್ದು 1972ರಲ್ಲಿ. ಶುರುವಾಗಿ ಎಂಟು ವರ್ಷ!

ನಮ್ಮಲ್ಲೂ ಆರ್‌ಟಿಸಿ (ಪಹಣಿ) ನೋಡಿ, ಕೃಷಿ ಜಮೀನನ್ನು ವಸತಿಗೆ ಬದಲಿಸುವ ಕನ್ವರ್ಷನ್ ಮುಗಿಸಿ, ಪಂಚಾಯತ್‌ನಲ್ಲಿ ನೈನ್ ಇಲೆವೆನ್ (ಆಸ್ತಿಯ ದಾಖಲೆ) ಕೈಗೆ ಬರುವಷ್ಟರಲ್ಲಿ ತಿಂಗಳುಗಳು ಕಳೆಯುತ್ತವೆ. ಜನ ಜಾರುವುದು ಆಗಲೇ. ಹಾಗಾಗಿ ಮನೆ ಏಳುವ ಮೊದಲೇ ಒಟ್ಟಿಗೆ ಇರಲು ಶುರುಮಾಡಿ. ಮಳೆಗಾಲದ ಆಟಿ ತಿಂಗಳಲ್ಲಿ ಇಂಥದ್ದೇ ಒಂದು ಗುಂಪು ಪತ್ರೊಡೆ ಮಾಡುವಾಗ ನಾನೂ ಹೋಗಿದ್ದೆ. ಹೊಸದಾಗಿ ಬಂದ ದಂಪತಿಯನ್ನು ಯಾರೂ ಕುರ್ಚಿಯಲ್ಲಿ ಕೂರಿಸಲಿಲ್ಲ. ಅವರ ಕೈಗೆ ಚೂರಿ ಕೊಟ್ಟು ಕೆಸುವಿನ ಎಲೆಯ ಹಿಂದಿನ ದಪ್ಪ ನಾರು ಹೆರೆಯಲು ಹೇಳಿದರು. ಪಕ್ಕದಲ್ಲಿ ಹಿಟ್ಟು ಸವರುತ್ತಿದ್ದ ಅಜ್ಜಿ, "ತೆಳುವಾಗಿ ಹೆರೆಯಿರಿ ಮಗಾ, ಎಲೆ ಹರಿಯುತ್ತದೆ" ಎಂದು ತಿದ್ದಿದರು. ಬೇಯಿಸುವ ಪಾತ್ರೆಯಿಂದ ಹಬೆ ಏಳುವ ಹೊತ್ತಿಗೆ ಆ ದಂಪತಿಯೇ, "ಮುಂದಿನ ತಿಂಗಳು ನಮ್ಮ ಮನೆಯಲ್ಲಿ" ಎಂದರು. ಯೋಜನೆಯ ನಕ್ಷೆ ತೋರಿಸಿ ಎರಡು ಗಂಟೆ ಮಾತಾಡಿದ್ದರೂ ಆ ಮಾತು ಬರುತ್ತಿತ್ತೆಂದು ನನಗನಿಸುವುದಿಲ್ಲ.

ಮುಜುಗರದ ಮಾತನ್ನು ಮುಂದೂಡಬೇಡಿ. ಸಾಮೂಹಿಕ ಅಡುಗೆಮನೆಯಲ್ಲಿ ಬಂಗುಡೆ ಮೀನಿನ ಸಾರು ಆಗುತ್ತದೋ ಇಲ್ಲವೋ? ದುಡ್ಡು ಕಟ್ಟಿಸಿಕೊಳ್ಳುವ ಮೊದಲೇ ತೀರ್ಮಾನಿಸಿ, ಬಂದವರಿಗೆ ನೇರವಾಗಿ ಹೇಳಿ. ಆಗ ಹಿಂದೆ ಸರಿದವರಿಂದ ನಷ್ಟವಿಲ್ಲ. ಮನೆಯ ಅಡಿಪಾಯ ಕಟ್ಟಿದ ಮೇಲೆ ಸರಿದರೆ ಉಳಿದವರ ಮೇಲೆ ಸಾಲ ಬೀಳುತ್ತದೆ.

ಇನ್ನು ದುಡ್ಡು. ನಮ್ಮ ಹಿರಿಯರು ಕುಟುಂಬದ ಮನೆಗಳ ಪಾಲಿನ ವ್ಯಾಜ್ಯ ಕೋರ್ಟಿನಲ್ಲಿ ವರ್ಷಗಟ್ಟಲೆ ನಡೆದದ್ದನ್ನು ಕಂಡವರು. "ಒಟ್ಟಿಗೆ ಜಾಗ" ಎಂದರೆ ಅವರಿಗೆ ಅದೇ ನೆನಪು. ಹಾಗಾಗಿ ಬಿಟ್ಟು ಹೋಗುವವರಿಗೆ ಎಷ್ಟು ದುಡ್ಡು ವಾಪಸ್, ಎಷ್ಟು ತಿಂಗಳಲ್ಲಿ, ಅವರ ಪಾಲನ್ನು ಯಾರು ಕೊಳ್ಳಬಹುದು, ಇವಿಷ್ಟನ್ನು ವಕೀಲರ ಹತ್ತಿರ ಬರೆಸಿ ಎಲ್ಲರ ಸಹಿ ಹಾಕಿಸಿ. ನನ್ನ ಮಟ್ಟಿಗೆ ಉಳಿದೆಲ್ಲದಕ್ಕಿಂತ ಇದು ಮುಖ್ಯ.

ಹೊಸಬರನ್ನು ಹುಡುಕುವುದಾದರೆ ಮುಂಬೈ, ಬೆಂಗಳೂರು, ಗಲ್ಫ್‌ನಲ್ಲಿದ್ದು ಊರಿನ ತಂದೆತಾಯಿಯ ಚಿಂತೆಯಲ್ಲಿರುವವರನ್ನು ಕೇಳಿ. ಗಂಡನೊಬ್ಬನೇ ಬಂದು ಹೂಂ ಎಂದರೆ ಲೆಕ್ಕಕ್ಕಿಲ್ಲ. ಹೆಂಡತಿ, ಅಮ್ಮ, ಮಕ್ಕಳೂ ಬರಲಿ. ಮೇ ರಜೆಯಲ್ಲಿ ಜಾಗ ತೋರಿಸಿ, ಜುಲೈ ಮಳೆಯಲ್ಲೂ ಒಮ್ಮೆ ಕರೆಯಿರಿ. ದಾರಿ ಮುಳುಗುವುದಾದರೆ ಅದನ್ನೂ ಅವರು ಕಣ್ಣಾರೆ ನೋಡಲಿ.