ಮೀನಿನ ಮುದ್ದೆಗೆ ದನದ ರಕ್ತ ಬಂದ ದಾರಿ

ಕಾರವಾರದ ಮೀನು ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿಯ ಗಣೇಶಪೇಟೆಗೆ ಬರುವುದು ಹೊಸತಲ್ಲ. ಸೂಪರ್ ಮಾರ್ಕೆಟ್ಟಿನ ಫ್ರೀಜರಿನಲ್ಲಿರುವ ‘ಕ್ರ್ಯಾಬ್ ಸ್ಟಿಕ್’ ಮಾತ್ರ ಬೇರೆ ಬಗೆಯದು. ಹೊರಗೆ ಕೆಂಪು, ಒಳಗೆ ಎಳೆಎಳೆಯಾಗಿ ಬಿಚ್ಚಿಕೊಳ್ಳುವ ಬಿಳುಪು. ಹೆಸರಿಗೆ ಏಡಿಯಾದರೂ ಅದು ಬಹುಪಾಲು ಸುರಿಮಿ, ಅಂದರೆ ಮುಳ್ಳು ತೆಗೆದು, ಅರೆದು, ತಣ್ಣೀರಿನಲ್ಲಿ ಹಲವು ಸಲ ತೊಳೆದ ಮೀನಿನ ಮುದ್ದೆ. ಇಂಥ ಮುದ್ದೆಗೆ ದನದ ರಕ್ತದ ಅಂಶ ಬೆರೆಸುತ್ತಿದ್ದರೆಂದು ಕೇಳಿದವರು ಹೌಹಾರುವುದು ಸಹಜ.

ಜಪಾನಿನಲ್ಲಿ ಶತಮಾನಗಳಿಂದ ನಡೆದುಬಂದ ಈ ಕಸುಬು, 1960ರ ಸುಮಾರಿಗೆ ಮುದ್ದೆಗೆ ಸಕ್ಕರೆ ಬೆರೆಸಿ ಶೈತ್ಯೀಕರಿಸುವ ಉಪಾಯ ಸಿಕ್ಕ ಮೇಲೆ ದೊಡ್ಡ ಉದ್ಯಮವಾಯಿತು. ತೊಡಕು ಎದುರಾದದ್ದು 1990ರ ದಶಕದ ಆರಂಭದಲ್ಲಿ, ಅಮೆರಿಕದ ಒರೆಗಾನ್ ಕರಾವಳಿಯ ಕಾರ್ಖಾನೆಗಳು ಪೆಸಿಫಿಕ್ ವೈಟಿಂಗ್ ಎಂಬ ಅಗ್ಗದ ಮೀನಿಗೆ ಕೈ ಹಾಕಿದಾಗ. ಈ ಮೀನಿನ ಮಾಂಸದಲ್ಲಿ ಕ್ಯಾಥೆಪ್ಸಿನ್ ಎಲ್ ಎಂಬ ಕಿಣ್ವ ಹೆಚ್ಚು. ಎಷ್ಟು ತೊಳೆದರೂ ಅದು ಪೂರ್ತಿ ಹೋಗದು; ಬೇಯಿಸುವಾಗ ಬಿಸಿ 55 ಡಿಗ್ರಿಯ ಆಸುಪಾಸಿಗೆ ಬಂದೊಡನೆ ಚುರುಕಾಗಿ, ಮುದ್ದೆಗೆ ಬಿಗಿ ಕೊಡಬೇಕಾದ ಪ್ರೋಟೀನನ್ನೇ ಕತ್ತರಿಸಿಹಾಕುತ್ತದೆ. ಒಳ್ಳೆಯ ಸುರಿಮಿಯ ತೆಳು ಬಿಲ್ಲೆಯನ್ನು ಎರಡು ಸಲ ಮಡಚಿದರೂ ಸೀಳುವುದಿಲ್ಲ. ಇದು ಮಡಚುವ ಮೊದಲೇ ಗಂಜಿಯಂತೆ ಕುಸಿಯುತ್ತಿತ್ತು.

ಆಗ ಒದಗಿಬಂದದ್ದು ದನದ ಪ್ಲಾಸ್ಮಾ. ರಕ್ತದ ಕಣಗಳನ್ನು ಬೇರ್ಪಡಿಸಿ, ಉಳಿದ ಹಳದಿ ದ್ರವವನ್ನು ಒಣಗಿಸಿದ ಪುಡಿಯದು. ಅದರಲ್ಲಿರುವ ಕೆಲವು ಪ್ರೋಟೀನುಗಳು ಕಿಣ್ವವನ್ನು ಕಟ್ಟಿಹಾಕುತ್ತವೆ. ನೂರು ಕಿಲೋ ಮುದ್ದೆಗೆ ಒಂದು ಕಿಲೋ ಸಾಕಾಗುತ್ತಿತ್ತು. ಇದೇ ಕೆಲಸಕ್ಕೆ ಬರುವ ಮೊಟ್ಟೆಯ ಬಿಳಿಭಾಗ ದುಬಾರಿ, ಆಲೂಗಡ್ಡೆಯ ಸಾರಕ್ಕೆ ಬಣ್ಣದ ದೋಷ. ಲೆಕ್ಕಾಚಾರವೇನೋ ಜಾಣತನದ್ದೇ, ಆದರೆ ತಿನ್ನುವವರನ್ನು ಅದರಲ್ಲಿ ಯಾರೂ ಎಣಿಸಿದಂತಿಲ್ಲ. ಯಹೂದಿಗಳಿಗೂ ಮುಸ್ಲಿಮರಿಗೂ ರಕ್ತ ನಿಷಿದ್ಧ. ನಮ್ಮಲ್ಲಿ ಮೀನು ತಿಂದು ದನದ ಮಾಂಸ ಮುಟ್ಟದ ಮನೆಗಳು ಎಷ್ಟೋ.

ಕೊನೆಗೆ ಪುಡಿಯನ್ನು ಹಿಂದಕ್ಕೆ ತಳ್ಳಿದ್ದು ಈ ಸಂಕೋಚವಲ್ಲ, ಹುಚ್ಚು ದನದ ರೋಗದ ಭಯ. ಆ ರೋಗ ಮನುಷ್ಯರಿಗೂ ತಗಲಿರಬಹುದೆಂದು 1996ರಲ್ಲಿ ಬ್ರಿಟನ್ ಹೇಳಿತು. 2003ರ ಡಿಸೆಂಬರಿನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಹಸುವೊಂದರಲ್ಲಿ ಅದು ಪತ್ತೆಯಾಯಿತು. ದುಬಾರಿಯೆಂದು ಬದಿಗಿಟ್ಟಿದ್ದ ಮೊಟ್ಟೆಯ ಬಿಳಿಭಾಗವೇ ಮತ್ತೆ ಮುಂದೆ ಬಂತು.

ನಮ್ಮ ಪಶ್ಚಿಮ ಕರಾವಳಿಯಲ್ಲಿ ರಾಣಿ ಮೀನಿನಿಂದ ಸುರಿಮಿ ಮಾಡುತ್ತಾರೆ. ಮೀನೇ ಮಾಂಸಾಹಾರವಾದ್ದರಿಂದ ಪೊಟ್ಟಣದ ಮೇಲೆ ಕಂದು ಗುರುತು ಹೇಗೂ ಇರುತ್ತದೆ. ಬೆರೆಸಿದ್ದು ಮೊಟ್ಟೆಯಾದರೂ ಅದೇ ಗುರುತು, ರಕ್ತದ ಪುಡಿಯಾದರೂ ಅದೇ. ಯಾವುದೆಂದು ತಿಳಿಯಲು ಹಿಂಬದಿಯ ಸಣ್ಣಕ್ಷರದ ಪಟ್ಟಿಯನ್ನೇ ಓದಬೇಕು, ಅದೂ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ.