20,000 ಸ್ಟೆಪ್ ಲಾಗ್ ಮಾಡಿದ್ರೂ ಕೋಡಲ್ಲಿ ತೆಗೆದಾಗ 500 ಸಾಲು ಮಾತ್ರ ಬರೋದ್ಯಾಕೆ?

ಪ್ರಶ್ನೆ: ಮಾಡೆಲ್ ಟ್ರೇನ್ ಮಾಡುವಾಗ ಪ್ರತಿ ಸ್ಟೆಪ್ಪಿನ ಲಾಸ್‌ನೂ (ಮಾಡೆಲ್ ಎಷ್ಟು ತಪ್ತಿದೆ ಅನ್ನೋ ನಂಬರ್) ವ್ಯಾಂಡ್‌ಬಿಗೆ (Weights & Biases, ಟ್ರೇನಿಂಗಿನ ಲೆಕ್ಕ ಇಡೋ ಸೇವೆ) ಲಾಗ್ ಮಾಡಿದೀನಿ, ಒಟ್ಟು 20,000 ಸ್ಟೆಪ್. ಈಗ ರಿಪೋರ್ಟಿಗೆ ನಾನೇ ಗ್ರಾಫ್ ಹಾಕೋಣ ಅಂತ ಪೈಥಾನಲ್ಲಿ ಆ ರನ್ನಿನ (ಒಂದು ಸಲದ ಟ್ರೇನಿಂಗ್) ರನ್.ಹಿಸ್ಟರಿ() ಕರೆದ್ರೆ ಬರೀ 500 ಸಾಲಿನ ಡೇಟಾಫ್ರೇಮ್ (ಪಾಂಡಾಸ್ ಲೈಬ್ರರಿಯ ಟೇಬಲ್) ಕೈಗೆ ಬರ್ತಿದೆ. ಉಳಿದಿದ್ದೆಲ್ಲ ಹೋಯ್ತಾ?

ಉತ್ತರ: ಎಲ್ಲೂ ಹೋಗಿಲ್ಲ, ಸರ್ವರಲ್ಲೇ ಭದ್ರವಾಗಿದೆ. ರನ್.ಹಿಸ್ಟರಿ() ಡೀಫಾಲ್ಟಾಗಿ 500 ಸಾಲು ಸ್ಯಾಂಪಲ್ ಮಾಡಿ ಕೊಡತ್ತೆ, ಪೂರ್ತಿ ಬೇಕಂದ್ರೆ ರನ್.ಸ್ಕ್ಯಾನ್_ಹಿಸ್ಟರಿ() ಬಳಸಬೇಕು. ಅರ್ಜೆಂಟ್ ಇರೋರು ಇಲ್ಲಿಗೇ ಓದೋದು ನಿಲ್ಲಿಸಬಹುದು, ಆದ್ರೆ ಇದರ ಅಕ್ಕಪಕ್ಕ ಇನ್ನೊಂದಿಷ್ಟು ಕಿತಾಪತಿ ಇದೆ, ಅದು ಗೊತ್ತಿಲ್ದೆ ಹೋದ್ರೆ ನಾಳೆ ಇನ್ನೊಂದು ಪ್ರಶ್ನೆ ಹಿಡ್ಕೊಂಡು ಬರ್ತೀರ.

ಮೊದಲು ಈ 500ರ ವಿಷ್ಯ. ಗ್ರಾಫಿನ ಆಕಾರ ನೋಡೋಕೆ 500 ಬಿಂದು ಧಾರಾಳ ಸಾಕು, ಬೇಗನೂ ಬರತ್ತೆ, ಅದಕ್ಕೇ ಹಾಗಿಟ್ಟಿದಾರೆ. ತೊಂದರೆ ಶುರುವಾಗೋದು ಆ ಡೇಟಾಫ್ರೇಮ್ ಮೇಲೆ ನೀವು ಮಿನಿಮಮ್ಮು ಮ್ಯಾಕ್ಸಿಮಮ್ಮು ಅಂತ ಲೆಕ್ಕ ಹಾಕೋಕೆ ಹೊರಟಾಗ. 20,000ದಲ್ಲಿ 500 ಅಂದ್ರೆ ಸರಾಸರಿ 40 ಸ್ಟೆಪ್ಪಿಗೆ ಒಂದು ಸಾಲು. 11,000ದ ಆಸುಪಾಸಲ್ಲಿ ಒಂದೆರಡು ಸ್ಟೆಪ್ ಮಾತ್ರ ಲಾಸ್ ದಿಢೀರ್ ಅಂತ ಮೇಲೆ ಹಾರಿ ಇಳಿದಿದ್ರೆ ಅದು ನಿಮ್ಮ ಡೇಟಾಫ್ರೇಮಲ್ಲಿ ಇಲ್ಲದೇ ಇರೋ ಸಾಧ್ಯತೆನೇ ಜಾಸ್ತಿ, ನೀವು ಟ್ರೇನಿಂಗ್ ಸ್ಟೇಬಲ್ ಆಗಿತ್ತು ಅಂತ ಬರೆದು ಕೂತಿರ್ತೀರ. ಎರರ್ ಬರಲ್ಲ, ವಾರ್ನಿಂಗ್ ಬರಲ್ಲ, ನಂಬರ್ ಮಾತ್ರ ತಪ್ಪಿರತ್ತೆ. ನನ್ನ ಕೇಳಿದ್ರೆ ಸ್ಯಾಂಪಲ್ ಮಾಡೋ ಫಂಕ್ಷನ್ನಿಗೆ ಹಿಸ್ಟರಿ ಅಂತ ಹೆಸರಿಡಲೇಬಾರದಿತ್ತು. ಸ್ಯಾಂಪಲ್ಸ್ ಅನ್ನೋ ಪ್ಯಾರಾಮೀಟರಿಗೆ ದೊಡ್ಡ ನಂಬರ್ ಕೊಟ್ಟು ಕೆಲಸ ಸಾಗಿಸೋರೂ ಇದಾರೆ, ಆದ್ರೆ ಎಲ್ಲಾ ಸಾಲೂ ಬೇಕು ಅಂತಲೇ ಇದ್ದಾಗ ಅದಕ್ಕಂತಲೇ ಇರೋ ಸ್ಕ್ಯಾನ್_ಹಿಸ್ಟರಿ ಬಿಟ್ಟು ಬೇರೆ ದಾರಿ ಹಿಡಿಯೋದ್ಯಾಕೆ.

ಸ್ಕ್ಯಾನ್_ಹಿಸ್ಟರಿ ಡೇಟಾಫ್ರೇಮ್ ಕೊಡಲ್ಲ, ಒಂದೊಂದೇ ಸಾಲನ್ನ ಡಿಕ್ಷನರಿ ಥರ ಕೊಡ್ತಾ ಹೋಗತ್ತೆ, ನೀವು ಅದನ್ನ ಲಿಸ್ಟ್ ಮಾಡಿ ಪಾಂಡಾಸಿಗೆ ಹಾಕ್ಬೇಕು. ಒಳಗಡೆ ಪುಟ ಪುಟವಾಗಿ ಸರ್ವರಿಂದ ತರೋದ್ರಿಂದ ಸ್ವಲ್ಪ ನಿಧಾನ. ಬೇಕಾದ ಮೆಟ್ರಿಕ್ (ಲಾಸ್ ಥರ ಲಾಗ್ ಮಾಡಿದ ಅಳತೆ) ಹೆಸರನ್ನ ಕೀಸ್ ಅನ್ನೋ ಪ್ಯಾರಾಮೀಟರಲ್ಲಿ ಕೊಟ್ರೆ ಅಷ್ಟನ್ನೇ ತರತ್ತೆ, ಮತ್ತೆ ತುಂಬಾ ಜನ ಎಡವೋದು ಇಲ್ಲೇ.

ಕೀಸಲ್ಲಿ ಎರಡು ಹೆಸರು ಕೊಟ್ರೆ ಆ ಎರಡೂ ಇರೋ ಸಾಲು ಮಾತ್ರ ವಾಪಸ್ ಬರತ್ತೆ. ಈಗ ನಿಮ್ಮ ಟ್ರೇನಿಂಗ್ ಲೂಪ್ ನೋಡಿ. ಟ್ರೇನ್ ಲಾಸಿಗೆ ಒಂದು ಸಲ ಲಾಗ್ ಕರೀತೀರ, ಎಪಾಕ್ (ಇಡೀ ಡೇಟಾ ಮೇಲೆ ಒಂದು ಸುತ್ತು) ಮುಗಿದ ಮೇಲೆ ವ್ಯಾಲಿಡೇಷನ್ ಲಾಸಿಗೆ (ಟ್ರೇನಿಂಗಿಗೆ ಬಳಸದ ಡೇಟಾ ಮೇಲಿನ ಲಾಸ್) ಬೇರೆ ಇನ್ನೊಂದು ಸಲ ಲಾಗ್ ಕರೀತೀರ. ಸ್ಟೆಪ್ ನಂಬರ್ ನೀವಾಗಿ ಕೊಡದೇ ಇದ್ರೆ ಒಂದೊಂದು ಕರೆಗೂ ಸ್ಟೆಪ್ ಒಂದೊಂದು ಮುಂದಕ್ಕೆ ಹೋಗತ್ತೆ, ಅಂದ್ರೆ ಟ್ರೇನ್ ಲಾಸ್ ಒಂದು ಸಾಲಲ್ಲಿ, ವ್ಯಾಲಿಡೇಷನ್ ಲಾಸ್ ಪಕ್ಕದ ಸಾಲಲ್ಲಿ, ಎರಡೂ ಒಟ್ಟಿಗೆ ಇರೋ ಸಾಲು ಒಂದೂ ಇಲ್ಲ. ಸ್ಕ್ಯಾನ್_ಹಿಸ್ಟರಿ ಪಾಪ ನಿಯತ್ತಾಗಿ ಖಾಲಿ ಲಿಸ್ಟ್ ಕೊಡತ್ತೆ. ಡ್ಯಾಶ್‌ಬೋರ್ಡಲ್ಲಿ ಎರಡು ಗ್ರಾಫೂ ಚೆನ್ನಾಗಿ ಕಾಣ್ತಿರತ್ತೆ, ಕೋಡಲ್ಲಿ ಮಾತ್ರ ಸೊನ್ನೆ! ಪರಿಹಾರ ಸುಲಭ, ಒಂದೊಂದು ಮೆಟ್ರಿಕ್ಕಿಗೂ ಬೇರೆ ಬೇರೆ ಸ್ಕ್ಯಾನ್ ಮಾಡಿ ಆಮೇಲೆ ಜೋಡಿಸಿಕೊಳ್ಳಿ, ಮುಂದಿನ ಸಲ ಟ್ರೇನ್ ಮಾಡುವಾಗ ಎರಡೂ ಕರೆಯಲ್ಲಿ ಎಪಾಕ್ ನಂಬರನ್ನೂ ಸೇರಿಸಿ ಲಾಗ್ ಮಾಡಿದ್ರೆ ಜೋಡಿಸೋದು ಇನ್ನೂ ಸಲೀಸು. ಕೀಸ್ ಕೊಡದೆ ಇಡೀ ಹಿಸ್ಟರಿ ತಂದ್ರೂ ಆಗತ್ತೆ, ಆಗ ಮೌಲ್ಯ ಓದುವಾಗ ಚೌಕ ಬ್ರ್ಯಾಕೆಟ್ ಬದಲು .ಗೆಟ್() ಬಳಸಿ, ಯಾಕಂದ್ರೆ ಎಲ್ಲಾ ಸಾಲಲ್ಲೂ ಎಲ್ಲಾ ಮೆಟ್ರಿಕ್ ಇರಲ್ಲ.

ಇನ್ನು ರನ್ನೇ ಸಿಗ್ತಿಲ್ಲ ಅನ್ನೋರಿಗೆ: ಕೋಡಿಗೆ ಬೇಕಿರೋದು ರನ್ ಐಡಿ, ಅದು ಡ್ಯಾಶ್‌ಬೋರ್ಡಲ್ಲಿ ಕಾಣೋ ಚೆಂದದ ಹೆಸರಲ್ಲ, ಬ್ರೌಸರಿನ ಅಡ್ರೆಸ್ ಬಾರಲ್ಲಿ /runs/ ಆದ್ಮೇಲೆ ಬರತ್ತಲ್ಲ ಅದು. ಆಫ್‌ಲೈನ್ ಮೋಡಲ್ಲಿ ಟ್ರೇನ್ ಮಾಡಿದ್ರೆ ಮೊದಲು ಸಿಂಕ್ ಮಾಡಿ.

ಒಂದು ರನ್ ಅಲ್ಲ, 200 ರನ್ನಲ್ಲಿ ಯಾವುದು ಬೆಸ್ಟ್ ಅಂತ ನೋಡಬೇಕಾ? ಹಾಗಿದ್ರೆ ಎಲ್ಲದರ ಹಿಸ್ಟರಿ ಎಳೆಯೋಕೆ ಹೋಗ್ಬೇಡಿ, ಕಾಫಿ ಕುಡಿದು ಊಟ ಮಾಡಿ ಬಂದ್ರೂ ಮುಗಿದಿರಲ್ಲ. ಏಪಿಐ.ರನ್ಸ್() ಅಂತ ಫಿಲ್ಟರ್ ಹಾಕಿ ತಂದು ಒಂದೊಂದರ ರನ್.ಸಮ್ಮರಿ ನೋಡಿದ್ರೆ ಸಾಕು, ಹೈಪರ್‌ಪ್ಯಾರಾಮೀಟರ್ (ಟ್ರೇನಿಂಗಿಗೆ ಮುಂಚೆ ನೀವೇ ಇಟ್ಟ ಸೆಟ್ಟಿಂಗ್) ಬೇಕಂದ್ರೆ ರನ್.ಕಾನ್ಫಿಗ್. ಆದ್ರೆ ಸಮ್ಮರಿಯಲ್ಲಿ ಇರೋದು ಕೊನೇ ಸಲ ಲಾಗ್ ಆದ ಮೌಲ್ಯ, ಬೆಸ್ಟ್ ಮೌಲ್ಯ ಅಲ್ಲ. ಮಾಡೆಲ್ ಓವರ್‌ಫಿಟ್ ಆಗಿ (ಟ್ರೇನಿಂಗ್ ಡೇಟಾನೇ ಬಾಯಿಪಾಠ ಮಾಡಿ) ಕೊನೇಲಿ ವ್ಯಾಲಿಡೇಷನ್ ಲಾಸ್ ಏರಿದ್ರೆ ಆ ಏರಿದ ನಂಬರೇ ಸಿಗತ್ತೆ. ಟ್ರೇನಿಂಗ್ ಶುರು ಮಾಡೋ ಮುಂಚೆನೇ ಡಿಫೈನ್_ಮೆಟ್ರಿಕ್ ಕರೆದು ಸಮ್ಮರಿಗೆ ಮಿನ್ ಅಂತ ಹೇಳಿಟ್ರೆ ಕಡಿಮೆ ಇರೋದನ್ನೇ ಇಟ್ಕೊಳತ್ತೆ. ಈಗಾಗಲೇ ಮುಗಿದಿರೋ ರನ್ನಿಗೆ ಸ್ಕ್ಯಾನೇ ಗತಿ.

ವ್ಯಾಂಡ್‌ಬಿ ಥರದ್ದೇ ಇನ್ನೊಂದು ಟೂಲ್ ಎಮ್‌ಎಲ್‌ಫ್ಲೋ ಬಳಸೋರಿಗೂ ಇದೇ ಕಥೆ ಬೇರೆ ವೇಷದಲ್ಲಿ. ಸರ್ಚ್_ರನ್ಸ್() ಕೊಡೋ ಡೇಟಾಫ್ರೇಮಲ್ಲಿ ಪ್ರತಿ ಮೆಟ್ರಿಕ್ಕಿನ ಕೊನೇ ಮೌಲ್ಯ ಮಾತ್ರ ಇರತ್ತೆ, ಇಡೀ ಸರಣಿ ಬೇಕಂದ್ರೆ ಕ್ಲೈಂಟ್ ಮಾಡ್ಕೊಂಡು ಗೆಟ್_ಮೆಟ್ರಿಕ್_ಹಿಸ್ಟರಿ ಅಂತ ರನ್ ಐಡಿ, ಮೆಟ್ರಿಕ್ ಹೆಸರು ಎರಡೂ ಕೊಟ್ಟು ಕೇಳಬೇಕು, ಸ್ಟೆಪ್ಪು, ಟೈಮ್‌ಸ್ಟ್ಯಾಂಪು, ಮೌಲ್ಯ ಮೂರೂ ಬರತ್ತೆ. ಟೆನ್ಸರ್‌ಬೋರ್ಡ್ (ಇದೂ ಇಂಥದ್ದೇ ಟೂಲ್) ಫೈಲನ್ನ ಅದರದ್ದೇ ಇವೆಂಟ್ ಅಕ್ಯುಮುಲೇಟರಲ್ಲಿ ಓದೋರಿಗೆ ಮಿತಿ 500ರ ಬದಲು 10,000, ನಿಮ್ಮ 20,000 ಸ್ಟೆಪ್ಪಿನ ರನ್ ಅಲ್ಲೂ ಅರ್ಧಕ್ಕೆ ಅರ್ಧ ಕಟ್ ಆಗತ್ತೆ. ಸೈಜ್_ಗೈಡೆನ್ಸ್ ಪ್ಯಾರಾಮೀಟರಲ್ಲಿ ಸ್ಕೇಲರ್ಸಿಗೆ (ಲಾಸ್ ಥರದ ಒಂಟಿ ನಂಬರ್) 0 ಅಂತ ಕೊಡಿ, 0 ಅಂದ್ರೆ ಅಲ್ಲಿ ಏನೂ ಬೇಡ ಅಂತಲ್ಲ, ಎಲ್ಲಾ ಬೇಕು ಅಂತ, ಆಮೇಲೆ ರೀಲೋಡ್() ಮರೀಬೇಡಿ, ಅದು ಕರೆಯದೆ ಟ್ಯಾಗ್ (ಅಲ್ಲಿ ಮೆಟ್ರಿಕ್ ಹೆಸರು) ಹುಡುಕಿದ್ರೆ ಒಂದೂ ಸಿಗಲ್ಲ.