‘ಪರಿಶೀಲನೆಯಲ್ಲಿದೆ’ ಎಂದ ಮೇಲೆ ಸಚಿವರ ಹೊಣೆ

ಸಂಸದರಿಗಾಗಿ ಪ್ರಶ್ನೆಗಳ ಕರಡು ಸಿದ್ಧಪಡಿಸುವ ಕೆಲಸದಲ್ಲಿ ಹಲವು ವರ್ಷ ಕಳೆದಿದ್ದೇನೆ. ಸಂಸತ್ತು ಸರ್ಕಾರವನ್ನು ನಿಜಕ್ಕೂ ಪ್ರಶ್ನಿಸುತ್ತಿದೆಯೇ ಎಂದು ಕೇಳುವವರಿಗೆ, ಟಿ.ವಿ.ಯಲ್ಲಿ ಕಾಣುವ ಗದ್ದಲ, ಸಭಾತ್ಯಾಗಗಳನ್ನು ಬಿಟ್ಟು ಲಿಖಿತ ಉತ್ತರಗಳನ್ನು ಓದಿ ಎನ್ನುತ್ತೇನೆ.

ಪ್ರಶ್ನೆ ಕೇಳುವುದೂ ಒಂದು ಕಸುಬು. ‘ಯೋಜನೆಯ ಪ್ರಗತಿ ಹೇಗಿದೆ?’ ಎಂದು ಕೇಳಿದರೆ ‘ತೃಪ್ತಿಕರವಾಗಿದೆ’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಅದನ್ನೇ ಬಿಡಿಸಿ, ಮಂಜೂರಾದ ಮೊತ್ತವೆಷ್ಟು, ಬಿಡುಗಡೆಯಾದದ್ದೆಷ್ಟು, ಖರ್ಚಾದದ್ದೆಷ್ಟು, ಗುತ್ತಿಗೆಯ ಅವಧಿ ಯಾವಾಗ ಮುಗಿಯಿತು ಎಂದು ಒಂದೊಂದಾಗಿ ಕೇಳಿದಾಗ ಇಲಾಖೆಗೆ ಅಂಕಿಗಳನ್ನು ಕೊಡಬೇಕಾಗುತ್ತದೆ, ಇಲ್ಲವೇ ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎನ್ನಬೇಕಾಗುತ್ತದೆ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು, ಅಂದರೆ ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದವು, ಪಟ್ಟಿಯಲ್ಲಿದ್ದರೂ, ಒಂದು ಗಂಟೆಯ ಪ್ರಶ್ನೋತ್ತರ ಅವಧಿಯಲ್ಲಿ ಮೌಖಿಕ ಉತ್ತರ ಸಿಗುವುದು ಅವುಗಳಲ್ಲಿ ಕೆಲವಕ್ಕೆ ಮಾತ್ರ. ಅಧಿಕಾರಿಗಳು ಬರೆದುಕೊಟ್ಟ ಟಿಪ್ಪಣಿಯನ್ನು ಮೀರಿ ಸಚಿವರು ಸ್ವತಃ ಮಾತನಾಡಬೇಕಾಗುವುದು, ಆ ಉತ್ತರದ ಬೆನ್ನಲ್ಲೇ ಸದಸ್ಯರು ಸ್ಥಳದಲ್ಲೇ ಕೇಳುವ ಉಪಪ್ರಶ್ನೆಗಳು ಬಂದಾಗಲೇ.

‘ಪರಿಶೀಲನೆಯಲ್ಲಿದೆ’, ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂಬ ಉತ್ತರಗಳನ್ನು ಜಾರಿಕೊಳ್ಳುವ ಮಾತೆಂದು ಬಹಳ ಜನ ತಿಳಿದಿದ್ದಾರೆ. ನಿಯಮದ ಪ್ರಕಾರ ಅವು ಸದನಕ್ಕೆ ಕೊಟ್ಟ ಭರವಸೆಗಳು. ಇಂಥ ಮಾತುಗಳ ಮಾದರಿ ಪಟ್ಟಿಯೇ ಇದೆ. ಭರವಸೆಯನ್ನು ಮೂರು ತಿಂಗಳೊಳಗೆ ಈಡೇರಿಸಿ ಸದನದ ಮೇಜಿನ ಮೇಲೆ ವರದಿ ಇಡಬೇಕು. ಅದರ ಬೆನ್ನು ಹತ್ತಲೆಂದೇ ಲೋಕಸಭೆಯಲ್ಲಿ 1953ರಿಂದ ಸರ್ಕಾರಿ ಭರವಸೆಗಳ ಸಮಿತಿಯಿದೆ, ಸಚಿವರಾದವರು ಅದರ ಸದಸ್ಯರಾಗುವಂತಿಲ್ಲ. ಇಲಾಖೆಗಳು ಗಡುವು ವಿಸ್ತರಣೆ ಕೇಳುತ್ತವೆ, ಕೆಲವೊಮ್ಮೆ ಭರವಸೆಯನ್ನೇ ಕೈಬಿಡುವಂತೆ ಕೋರುತ್ತವೆ. ಈ ಕೊನೆಯ ಕೋರಿಕೆಯನ್ನು ಸಮಿತಿ ಒಪ್ಪುತ್ತದೆಯೋ ಇಲ್ಲವೋ ಎಂಬುದನ್ನೇ ನಾನು ಹೆಚ್ಚು ಗಮನಿಸುತ್ತೇನೆ.

ಒಂದು ಪ್ರಶ್ನೆಯ ಎಳೆ ಹಿಡಿದು ಹೊರಟವರು ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ಮುಂದ್ರಾ ಪ್ರಕರಣವಿದೆ. ಜೀವ ವಿಮಾ ನಿಗಮವು ಉದ್ಯಮಿ ಹರಿದಾಸ್ ಮುಂದ್ರಾ ಅವರ ಕಂಪನಿಗಳ ಷೇರುಗಳಿಗೆ ಸುಮಾರು 1.25 ಕೋಟಿ ರೂಪಾಯಿ ತೊಡಗಿಸಿದ್ದನ್ನು 1957ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಪಟ್ಟುಹಿಡಿದು ಕೆದಕಿದವರು ಫಿರೋಜ್ ಗಾಂಧಿ. ಅವರು ಆಡಳಿತ ಪಕ್ಷದವರೇ, ಪ್ರಧಾನಿ ನೆಹರೂ ಅವರ ಅಳಿಯ. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ವಿಚಾರಣೆ ನಡೆದು, 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ನೀಡಿದರು.

ಇಂದು ಅಂಥದ್ದು ಏಕೆ ನಡೆಯುವುದಿಲ್ಲ ಎಂದು ಕೇಳಿದಾಗ 1985ರ ಪಕ್ಷಾಂತರ ನಿಷೇಧ ಕಾಯ್ದೆಯನ್ನು ದೂರುವುದು ವಾಡಿಕೆ. ಅದು ಅರ್ಧ ಸತ್ಯ. ವಿಪ್, ಅಂದರೆ ಹೀಗೇ ಮತ ಹಾಕಬೇಕೆಂದು ಪಕ್ಷ ಹೊರಡಿಸುವ ಆದೇಶ, ಕಟ್ಟಿಹಾಕುವುದು ಮತವನ್ನು. ಪ್ರಶ್ನೆ ಕೇಳಿದ್ದಕ್ಕಾಗಿ ಯಾರ ಸದಸ್ಯತ್ವವೂ ಆ ಕಾಯ್ದೆಯಡಿ ಹೋಗುವುದಿಲ್ಲ. ಆಡಳಿತ ಪಕ್ಷದ ಸಾಮಾನ್ಯ ಸದಸ್ಯರ ಕೈಯಲ್ಲಿ ಇನ್ನೂ ಉಳಿದಿರುವ ಸಾಧನ ಇದೊಂದೇ. ಮುಂದಿನ ಬಾರಿ ಟಿಕೆಟ್ ತಪ್ಪೀತೆಂಬ ಅಂಜಿಕೆಯಿಂದ ಅವರು ಅದನ್ನೂ ಹೊಗಳಿಕೆಗೆ ಬಳಸುವುದನ್ನು ಕಂಡಾಗ ನನಗೆ ನೋವಾಗುತ್ತದೆ.

ಇದಕ್ಕೆ ಸೇರಿಕೊಂಡು ಬೇರೆ ಬಾಗಿಲುಗಳೂ ಕಿರಿದಾಗಿವೆ. ಶಾಸನಸಭೆಗಳ ಕೆಲಸವನ್ನು ಅಧ್ಯಯನ ಮಾಡುವ ಪಿಆರ್‌ಎಸ್ ಸಂಸ್ಥೆಯ ಲೆಕ್ಕದಂತೆ 15ನೇ ಲೋಕಸಭೆಯ ಅವಧಿಯಲ್ಲಿ ಶೇ 71ರಷ್ಟು ಮಸೂದೆಗಳು ಸಂಸದೀಯ ಸಮಿತಿಗಳ ಮುಂದೆ ಹೋಗಿದ್ದರೆ, 17ನೇ ಲೋಕಸಭೆಯಲ್ಲಿ ಅದು ಶೇ 16ಕ್ಕೆ ಇಳಿಯಿತು. 2020ರ ಸೆಪ್ಟೆಂಬರ್ ಅಧಿವೇಶನದಲ್ಲಿ ಕೋವಿಡ್ ಕಾರಣಕ್ಕೆ ಪ್ರಶ್ನೋತ್ತರ ಅವಧಿಯನ್ನೇ ಕೈಬಿಡಲಾಯಿತು. ಲಿಖಿತ ಉತ್ತರಗಳು ಬಂದವು, ಉಪಪ್ರಶ್ನೆಗಳಿಗೆ ಮಾತ್ರ ಅವಕಾಶವಿರಲಿಲ್ಲ.

ಕರ್ನಾಟಕದ ಎರಡೂ ಸದನಗಳಲ್ಲಿಯೂ ಭರವಸೆಗಳ ಸಮಿತಿಗಳಿವೆ. ನಿಮ್ಮ ಊರಿನ ಕೆರೆಯ ಬಗ್ಗೆಯೋ ಆಸ್ಪತ್ರೆಯ ಬಗ್ಗೆಯೋ ಸದನದಲ್ಲಿ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂದಿದ್ದರೆ, ಆ ಪ್ರಶ್ನೆಯ ಸಂಖ್ಯೆ ಮತ್ತು ದಿನಾಂಕವನ್ನು ಬರೆದಿಟ್ಟುಕೊಂಡು, ಅದು ಭರವಸೆಯೆಂದು ದಾಖಲಾಗಿದೆಯೇ ಎಂದು ನಿಮ್ಮ ಶಾಸಕರನ್ನು ಕೇಳಿ.